ಹೆಜ್ಜೆಯಲ್ಲೊಂದು ಅಂಕಿತ

ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ನಾನು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ನಾರಿಚ್ ರೈಲಿಗೆ ಕಾಯುತ್ತಿದ್ದೆ.

“ಶನಿವಾರ ಬೆಳಿಗ್ಗೆ ಬೆಳಿಗ್ಗೇನೇ ಎಲ್ಲಿಗೆ ಹೊರಟ್ಯೇ?”

“ಒಬ್ಬರ ಸಮಾಧಿ ನೋಡ್ಕೊಂಡು ಬರೋಣ ಅಂತ, ಅಮ್ಮ.”

“ಯಾರದ್ದು? ನಿಮ್ಮ ಆಫೀಸಿನವರದ್ದಾ?”

“ಅಲ್ಲಮ್ಮ. ಬ್ಯಾಲೆ ಸಂಯೋಜನೆ ಮಾಡ್ತಿದ್ದವರು. ತೀರ್ಕೊಂಡು ಬಹಳ ವರ್ಷ ಆಯ್ತು.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಓ, ನಾವು ಕುಪ್ಪಳಿಗೆ ಹೋಗಿದ್ವಲ್ಲ, ಹಾಗೆ,” ಎಂದಳು.

ಹಾಗೇ. ಅಮ್ಮನಿಗೆ ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಆದರೆ ರೈಲು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಅವಳ ಮಾತು ಬೇರೊಂದು ರೀತಿಯಲ್ಲಿ ತಲೆ ಹೊಕ್ಕಿತು. ಕುಪ್ಪಳಿಗೆ ಹೋದಾಗ ನನಗೆ ಹನ್ನೊಂದು ವರ್ಷ. ಕವಿಶೈಲದ ಬಂಡೆಯ ಮೇಲೆ ಕೂತು ಅಪ್ಪ ಕುವೆಂಪು ಅವರ ಪದ್ಯಗಳನ್ನು ಬಾಯಿಪಾಠ ಹೇಳಿದ್ದರು. ಸಮಾಧಿ ಕೈಯಳತೆಯಲ್ಲಿತ್ತು, ಪದ್ಯ ಅಪ್ಪನ ಬಾಯಲ್ಲಿತ್ತು. ಕವಿ ಬರೆದದ್ದು ಅಕ್ಷರಕ್ಷರ ಹಾಗೆಯೇ ನಮ್ಮ ಜೊತೆ ಬೆಟ್ಟ ಹತ್ತಿ ಬಂದಿತ್ತು. ನೃತ್ಯ ಕಟ್ಟಿದವರ ಸಮಾಧಿಗೆ ಹೋಗುವವರು ಏನು ಜೊತೆಗೆ ಒಯ್ಯಬೇಕು? ಅಲ್ಲಿ ಕೂತು ಯಾವುದನ್ನು ಓದಬೇಕು?

ನಾನು ಹೊರಟಿದ್ದದ್ದು ಸರ್ ಫ್ರೆಡರಿಕ್ ಆಶ್ಟನ್ ಅವರ ಊರಿಗೆ. ಇಂಗ್ಲೆಂಡಿನ ಬ್ಯಾಲೆಗೆ ಒಂದು ಸ್ವಂತ ಮೈಕಟ್ಟು, ಸ್ವಂತ ನಡಿಗೆ ಇದೆ ಎನ್ನುವುದಾದರೆ ಅದನ್ನು ಹೆಚ್ಚಾಗಿ ಕಟ್ಟಿದವರು ಇವರು. ಹುಟ್ಟಿದ್ದು 1904ರಲ್ಲಿ ಈಕ್ವೆಡಾರ್ ದೇಶದ ಗ್ವಯಾಕಿಲ್‌ನಲ್ಲಿ, ಬೆಳೆದದ್ದು ಪೆರು ದೇಶದ ಲೀಮಾದಲ್ಲಿ, ದುಡಿದದ್ದು ಲಂಡನ್ನಿನಲ್ಲಿ. ಕೊನೆಗೆ ಮನೆ ಮಾಡಿಕೊಂಡದ್ದು ಸಫೋಕ್ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಐ ಎಂಬ ಪುಟ್ಟ ಊರಿನಲ್ಲಿ. ಕಾಗುಣಿತ ಇಂಗ್ಲಿಷಿನ ಕಣ್ಣಿನದೇ. ಆದರೆ ಊರಿಗೂ ಕಣ್ಣಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ದ್ವೀಪ ಎಂದರ್ಥವಂತೆ. ಡವ್ ನದಿ ಮತ್ತು ಜೌಗು ನೆಲದ ನಡುವೆ ಎದ್ದು ನಿಂತ ಊರು. ಅಲ್ಲಿಂದ ಮೂರು ಕಿಲೋಮೀಟರಿನಷ್ಟು ದೂರದ ಯಾಕ್ಸ್‌ಲಿ ಹಳ್ಳಿಯ ಚರ್ಚಿನಂಗಳದಲ್ಲಿ ಅವರನ್ನು ಮಣ್ಣು ಮಾಡಿದ್ದಾರೆ.

ನನಗೆ ಅವರ ಗುರುತಾದದ್ದು ಕೋವೆಂಟ್ ಗಾರ್ಡನ್ನಿನ ರಾಯಲ್ ಒಪೇರಾ ಹೌಸಿನಲ್ಲಿ, ನಿಂತು ನೋಡುವ ಅಗ್ಗದ ಜಾಗದಲ್ಲಿ. ಲಂಡನ್ನಿಗೆ ಬಂದ ಹೊಸತು. ಕೈಯಲ್ಲಿ ಹಣವಿರಲಿಲ್ಲ, ಮಾತಾಡಲು ಜನವಿರಲಿಲ್ಲ. ಬ್ಯಾಲೆ ಎಂದರೆ ಬಿಳಿ ಬಟ್ಟೆ ತೊಟ್ಟ ಹಂಸಗಳು ಸಾಯುವುದು ಎಂದಷ್ಟೇ ತಿಳಿದಿದ್ದ ನನಗೆ ಅವತ್ತು ಪರದೆ ಎದ್ದಾಗ ಕಂಡದ್ದು ಒಂದು ಹುಂಜ, ನಾಲ್ಕು ಹೇಂಟೆ. ಬೆಳಗಿನ ಜಾವ ರೆಕ್ಕೆ ಕೊಡವಿಕೊಂಡು, ಕತ್ತು ಕೊಂಕಿಸಿಕೊಂಡು ಕುಣಿಯುವ ಕೋಳಿಗಳು! ಅದು ‘ಲಾ ಫೀಯ್ ಮಾಲ್ ಗಾರ್ದೇ’, ಆಶ್ಟನ್ 1960ರ ಜನವರಿ 28ರಂದು ಮೊದಲ ಬಾರಿಗೆ ರಂಗಕ್ಕೆ ತಂದ ಬ್ಯಾಲೆ. ಕತೆ ಬಹಳ ಹಳೆಯದು. ಫ್ರಾನ್ಸಿನ ಬೋರ್ಡೋ ನಗರದಲ್ಲಿ 1789ರ ಜುಲೈ 1ರಂದು, ಅಂದರೆ ಪ್ಯಾರಿಸ್ಸಿನ ಜನ ಬಾಸ್ತೀಯ್ ಸೆರೆಮನೆಗೆ ನುಗ್ಗುವುದಕ್ಕೆ ಎರಡು ವಾರ ಮೊದಲು, ಜಾನ್ ದೋಬರ್ವಾಲ್ ಇದನ್ನು ಮೊದಲು ಆಡಿಸಿದ್ದ. ಅದರಲ್ಲಿ ರಾಜರಿಲ್ಲ, ಅಪ್ಸರೆಯರಿಲ್ಲ. ಹೊಲಮನೆಯ ವಿಧವೆ ಸಿಮೋನ್, ಅವಳ ಮಗಳು ಲೀಸ್, ಲೀಸ್ ಒಲಿದ ಬಡ ರೈತ ಕೋಲಾ, ತಾಯಿ ಗೊತ್ತು ಮಾಡಿದ ಸಾಹುಕಾರರ ಮನೆಯ ಪೆದ್ದು ಹುಡುಗ ಆಲೆನ್, ಅವನ ಕೆಂಪು ಛತ್ರಿ. ಇಷ್ಟೇ.

ನಮ್ಮ ಕಂಪನಿ ನಾಟಕ ನೋಡಿದವರಿಗೆ ವಿಧವೆ ಸಿಮೋನ್ ಹೊಸಬಳಲ್ಲ, ಅವಳ ಪಾತ್ರ ಗಂಡಸಿನದು. ಮರದ ಅಟ್ಟೆಯ ಕ್ಲಾಗ್ ಮೆಟ್ಟಿಕೊಂಡು ಆಕೆ ಕುಣಿಯುವ ಕುಣಿತವನ್ನು ಆಶ್ಟನ್ ಲ್ಯಾಂಕಷೈರಿನ ಕ್ಲಾಗ್ ಕುಣಿತದಿಂದ ಎತ್ತಿಕೊಂಡಿದ್ದಾರೆ. ಸುಗ್ಗಿಯ ದೃಶ್ಯದಲ್ಲಿ ಎತ್ತರದ ಕಂಬಕ್ಕೆ ಕಟ್ಟಿದ ರಿಬ್ಬನ್ನುಗಳನ್ನು ಹಿಡಿದು ಹುಡುಗ ಹುಡುಗಿಯರು ಒಬ್ಬರ ಕೆಳಗೊಬ್ಬರು ನುಸುಳಿ ಹೆಣೆಯುತ್ತ ಹೋಗುತ್ತಾರೆ, ಮತ್ತೆ ಬಿಚ್ಚುತ್ತ ಬರುತ್ತಾರೆ. ನಾನು ಕಟಾಂಜನ ಹಿಡಿದು ನಿಂತವಳು ಗಟ್ಟಿಯಾಗಿಯೇ “ಜಡೆ ಕೋಲಾಟ!” ಎಂದುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ತಿರುಗಿ ನೋಡಿ ಮುಗುಳ್ನಕ್ಕರು. ಅವರಿಗೆ ಪದ ತಿಳಿಯದಿದ್ದರೂ ಸಂತೋಷ ತಿಳಿದಿರಬೇಕು. ಈ ದೇಶಕ್ಕೆ ಬಂದ ಮೇಲೆ ಗುರುತು ಹಿಡಿದು ಕೂಗುವಂಥದ್ದೊಂದು ನನಗೆ ಸಿಕ್ಕಿದ್ದು ಅವತ್ತೇ.

ಅದೇ ಬ್ಯಾಲೆಯ ಎರಡನೇ ಅಂಕದಲ್ಲಿ ಒಂದು ಅಭಿನಯವಿದೆ. ತಾಯಿ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದಾಳೆ. ಒಬ್ಬಳೇ ಉಳಿದ ಲೀಸ್ ಮದುವೆಯಾದ ಮೇಲಿನ ಬದುಕನ್ನು ಊಹಿಸಿಕೊಳ್ಳುತ್ತಾಳೆ. ಮದುವೆಯ ಉಡುಪು, ಆಮೇಲೆ ಮಕ್ಕಳು, ಒಂದು, ಎರಡು, ಮೂರು. ಒಂದಕ್ಕೆ ಪಾಠ, ಇನ್ನೊಂದಕ್ಕೆ ಪೆಟ್ಟು, ಮತ್ತೊಂದನ್ನು ತೊಡೆಯ ಮೇಲಿಟ್ಟು ತೂಗುವುದು. ಅಷ್ಟರಲ್ಲಿ ಪೇರಿಸಿಟ್ಟ ಪೈರಿನ ಸಿವುಡುಗಳ ನಡುವಿನಿಂದ ಕೋಲಾ ಎದ್ದು ಬರುತ್ತಾನೆ. ಎಲ್ಲವನ್ನೂ ಅವನು ನೋಡಿಬಿಟ್ಟಿದ್ದಾನೆ. ಅವಳಿಗೆ ನಾಚಿಕೆಯಿಂದ ಎಲ್ಲಿ ಹುದುಗಿಕೊಳ್ಳಲಿ ಎನ್ನುವಂತಾಗುತ್ತದೆ. ಈ ಭಾಗವನ್ನು ಆಶ್ಟನ್ ಹೊಸದಾಗಿ ಕಟ್ಟಲಿಲ್ಲ. ರಷ್ಯದ ಸಾಮ್ರಾಟರ ರಂಗಮಂದಿರದಲ್ಲಿ ಬೆಳೆದು ಆಮೇಲೆ ಲಂಡನ್ನಿನಲ್ಲಿ ನೆಲೆಸಿದ್ದ ತಮಾರಾ ಕರ್ಸಾವಿನಾ ಅದನ್ನು ನೆನಪಿನಿಂದ ತೆಗೆದು ಅವರಿಗೆ ಕಲಿಸಿಕೊಟ್ಟರು. ಆಕೆಯ ಮೈಯಿಂದ 1960ರ ಲೀಸ್ ಆದ ನಾಡಿಯಾ ನೆರಿನಾಗೆ, ಅಲ್ಲಿಂದ ಮುಂದಿನವಳಿಗೆ, ಅವಳಿಂದ ನಾನು ನೋಡಿದ ಲೀಸ್‌ಗೆ.

ಇದನ್ನು ಓದಿ ತಿಳಿದ ದಿನ ನನಗೆ ಮೈಸೂರಿನ ನಮ್ಮ ಟೀಚರ್ ನೆನಪಾದರು. ಏಳನೇ ವಯಸ್ಸಿನಿಂದ ಹತ್ತು ವರ್ಷ ಅವರ ಹತ್ತಿರ ಭರತನಾಟ್ಯ ಕಲಿತೆ. ಅವರು ಕೆ. ವೆಂಕಟಲಕ್ಷಮ್ಮನವರಲ್ಲಿ ಕಲಿತವರು, ವೆಂಕಟಲಕ್ಷಮ್ಮನವರು ಎಳೆಯ ವಯಸ್ಸಿನಿಂದ ಜಟ್ಟಿ ತಾಯಮ್ಮನವರಲ್ಲಿ ಕಲಿತವರು. ಜಾವಳಿ ಹೇಳಿಕೊಡುವಾಗ ಟೀಚರ್ ಒಂದು ಕಡೆ ನಿಲ್ಲಿಸಿ, “ಇಲ್ಲಿ ರೆಪ್ಪೆ ನಿಧಾನ ಇಳಿಸಬೇಕು ಮಗು. ಇದು ಅಮ್ಮನವರ ಕಣ್ಣು, ನನ್ನದಲ್ಲ,” ಎನ್ನುತ್ತಿದ್ದರು. ಅಷ್ಟು ಚಿಕ್ಕವಳಿಗೆ ಅದೇನೂ ಅರ್ಥವಾಗುತ್ತಿರಲಿಲ್ಲ. ಒಬ್ಬರ ಕಣ್ಣು ಇನ್ನೊಬ್ಬರ ಮುಖದಲ್ಲಿ ಇರುವುದು ಹೇಗೆ? ಲೀಸ್‌ಳ ನಾಚಿಕೆಯನ್ನು ನೋಡಿದ ಮೇಲೆ ಅರ್ಥವಾಯಿತು. ಬ್ಯಾಲೆಯ ಹುಚ್ಚು ಹಿಡಿದದ್ದು ಹೀಗೆ.

ರೈಲು ಇಪ್ಸ್‌ವಿಚ್ ದಾಟಿದ ಮೇಲೆ ಆಕಾಶ ಅಗಲವಾಗುತ್ತದೆ. ಗುಡ್ಡವಿಲ್ಲ, ಕಣಿವೆಯಿಲ್ಲ, ಬಾರ್ಲಿ, ಗೋಧಿ, ಬೇಲಿಸಾಲು, ದೂರದಲ್ಲೊಂದು ಚರ್ಚಿನ ಗೋಪುರ, ಮತ್ತೆ ಬಾರ್ಲಿ. ಡಿಸ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದೆ. ಬಸ್ಸಿನಲ್ಲಿ ನನ್ನನ್ನು ಬಿಟ್ಟರೆ ಇಬ್ಬರು. ಕಿಟಕಿಯಾಚೆ ಬಾರ್ಲಿಯ ತೆನೆ ಹಸಿರು ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತಿತ್ತು, ಅಂಚಿನುದ್ದಕ್ಕೂ ಕೆಂಪು ಗಸಗಸೆ ಹೂ.

ಈ ಬ್ಯಾಲೆಯ ಬಗ್ಗೆ ಆಶ್ಟನ್ ತಾವೇ ಬರೆದಿದ್ದಾರೆ. ಎಂದೂ ಮುಗಿಯದ ವಸಂತದ ಕೊನೆಯ ದಿನಗಳು, ಎಲೆ ತುಂಬಿದ ಮರ, ಬಿಸಿಲು, ಜೇನ್ನೊಣಗಳ ಗುಂಯ್‌ಗಾನ, ಇಂಥದ್ದೊಂದು ಹಳ್ಳಿಯ ಬದುಕು ತಮ್ಮ ಕಲ್ಪನೆಯಲ್ಲಿದೆ ಎಂದು. ಚಿತ್ರಕಾರ ಕಾನ್‌ಸ್ಟಬಲ್ ಬರೆದ ಸಫೋಕ್ ತಮಗೆ ಬಹಳ ಪ್ರಿಯ ಎಂದೂ ಹೇಳಿಕೊಂಡಿದ್ದರು. ಅವರ ತಾಯಿಯ ಕಡೆಯವರು ಸಫೋಕ್‌ನವರೇ. ಲೀಮಾದಲ್ಲಿ ಬೆಳೆದ ಹುಡುಗನಿಗೆ ಅದು ಮೊದಲು ಕೇಳಿ ತಿಳಿದ ಊರು, ಆಮೇಲೆ ಕಂಡ ಊರು.

ಆಶ್ಟನ್ ಸಿಹಿ ಜಾಸ್ತಿ ಎಂದು ಹೇಳುವವರನ್ನು ಕಂಡಿದ್ದೇನೆ. ಬ್ಯಾಲೆಯ ಬಗ್ಗೆ ಗಂಭೀರವಾಗಿ ಮಾತಾಡುವವರಲ್ಲೂ ಆ ಅಭಿಪ್ರಾಯವಿದೆ. ಬರೀ ಬಿಸಿಲು, ಬರೀ ಹೂವು, ನೋವೆಲ್ಲಿ ಎಂದು ಕೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ, ಐ ಊರಿಗೆ ಹೋಗಿ ಬಂದ ಮೇಲಂತೂ ಸುತರಾಂ ಒಪ್ಪುವುದಿಲ್ಲ. ಈ ಮನುಷ್ಯ ಇಪ್ಪತ್ತು ತುಂಬುವ ಹೊತ್ತಿಗೆ ತಂದೆಯನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡವರು. ಲಂಡನ್ನಿನ ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ, ಕುಣಿಯುವುದನ್ನು ಮನೆಯವರಿಂದ ಮುಚ್ಚಿಟ್ಟು, ಶನಿವಾರಗಳಂದು ಲಿಯೊನೀಡ್ ಮಸೀನ್ ಹತ್ತಿರ ಪಾಠಕ್ಕೆ ಹೋದವರು. ಬ್ಯಾಲೆ ಕಲಿಯಲು ಅದು ತೀರ ತಡವಾದ ವಯಸ್ಸು. ಯುದ್ಧದಲ್ಲಿ ವಾಯುಪಡೆಯ ಕೆಲಸ ಮಾಡಿದವರು. ಇನ್ನು ಈ ಹೊಲಗಳು? ಐ ಊರಿಗೂ ಯಾಕ್ಸ್‌ಲಿಗೂ ನಡುವೆ 1944ರಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ನೆಲೆಯಿತ್ತು. ಈಗ ಅಲ್ಲಿ ಕೈಗಾರಿಕಾ ಶೆಡ್ಡುಗಳು, ಪಕ್ಕದ ಎ140 ರಸ್ತೆಯಲ್ಲಿ ಲಾರಿಗಳ ಸಾಲು. ಲೀಸ್‌ಳ ಹಳ್ಳಿ ಈ ನೆಲದಲ್ಲಿ ಎಂದೂ ಇರಲಿಲ್ಲ. ಇಲ್ಲವೆಂದು ತಿಳಿದೇ ಅವರು ಅದನ್ನು ಕಟ್ಟಿದರು. ಹಾಗೆ ಕಟ್ಟಬೇಕಾದರೆ ನೋವು ಗೊತ್ತಿರಲೇಬೇಕು.

ಐ ಊರಿನ ಮುಖ್ಯ ಬೀದಿಯನ್ನು ನಡೆದು ಮುಗಿಸಲು ಹತ್ತು ನಿಮಿಷ ಸಾಕು. ಇಟ್ಟಿಗೆಯ ಮನೆಗಳು, ತಿಳಿಗುಲಾಬಿ ಬಣ್ಣದ ಗೋಡೆಗಳು, ಬಾಗಿದ ತೊಲೆಗಳು. ನಾರ್ಮನ್ನರು ಎತ್ತಿದ ಮಣ್ಣಿನ ದಿಬ್ಬದ ಮೇಲೆ ಮುರಿದ ಗೋಡೆಯೊಂದು ನಿಂತಿದೆ. ಅದು ಕೋಟೆಯದಲ್ಲ. ವಾಟರ್ಲೂ ಯುದ್ಧದಲ್ಲಿ ತನ್ನ ಪ್ರಾಣ ಉಳಿಸಿದ ಆಳಿಗೆಂದು ಸರ್ ಎಡ್ವರ್ಡ್ ಕೆರಿಸನ್ 1844ರಲ್ಲಿ ಅಲ್ಲಿ ಮನೆ ಕಟ್ಟಿಸಿದ್ದ. ಉಳಿದಿರುವುದು ಅದರ ಅವಶೇಷ. ದಿಬ್ಬ ಹತ್ತಿದರೆ ಊರಿನ ಹೆಂಚಿನ ಮಾಡುಗಳು, ಚಕಮಕಿ ಕಲ್ಲಿನ ಚರ್ಚಿನ ಗೋಪುರ, ಅದರಾಚೆ ಮತ್ತೆ ಹೊಲಗಳು ಕಾಣುತ್ತವೆ. ನನ್ನ ಮನಸ್ಸು ಇದರಲ್ಲಿ ನಿಲ್ಲಲಿಲ್ಲ.

ಆಶ್ಟನ್ ಇದ್ದ ಚಾಂಡೋಸ್ ಲಾಡ್ಜ್ ಈಗಲೂ ಜನ ವಾಸಿಸುವ ಮನೆ. ಕದ ತಟ್ಟಲಿಲ್ಲ, ಗೇಟಿನ ಹತ್ತಿರವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬದುಕಿರುವವರ ಮನೆಯನ್ನು ಸ್ಮಾರಕದಂತೆ ನಿಂತು ನೋಡುವುದು ಸರಿಯೆನಿಸಲಿಲ್ಲ. 1988ರ ಆಗಸ್ಟಿನಲ್ಲಿ ತಮ್ಮ 83ನೇ ವಯಸ್ಸಿನಲ್ಲಿ ಆಶ್ಟನ್ ನಿದ್ದೆಯಲ್ಲೇ ತೀರಿಕೊಂಡದ್ದು ಈ ಮನೆಯಲ್ಲಿ. ಪೊದೆಗಳನ್ನು ಕತ್ತರಿಸಿ ಗೋಳ, ಶಂಕು, ಸುರುಳಿ ಮಾಡುವ ತೋಟಗಾರಿಕೆ ಅವರಿಗೆ ಬಹಳ ಇಷ್ಟವಿತ್ತು. ಬೀದಿಯ ತುದಿಗೆ ಬಂದ ಮೇಲೂ ಅದನ್ನೇ ಯೋಚಿಸುತ್ತಿದ್ದೆ. ಅಂಥ ಗಿಡಕ್ಕೆ ಯಾರಾದರೂ ವರ್ಷವರ್ಷ ಕತ್ತರಿ ಹಿಡಿಯುತ್ತಲೇ ಇರಬೇಕು. ಎರಡು ವರ್ಷ ಕೈ ಬಿಟ್ಟರೆ ಆಕಾರ ಹೋಗಿ ಬರೀ ಗಿಡ ಉಳಿಯುತ್ತದೆ.

ಬ್ಯಾಲೆಯಲ್ಲಿ ಇದು ಆಗಿಯೇ ಇದೆ. ‘ಹೊರೊಸ್ಕೋಪ್’ ಎಂದು ಆಶ್ಟನ್ 1938ರಲ್ಲಿ ಕಟ್ಟಿದ ಬ್ಯಾಲೆಯಿತ್ತು. ಸಂಗೀತ ಕಾನ್‌ಸ್ಟಂಟ್ ಲ್ಯಾಂಬರ್ಟ್ ಅವರದು, ಕುಣಿದವರು ಮಾರ್ಗೊ ಫಾಂಟೇನ್ ಮತ್ತು ಮೈಕೆಲ್ ಸೋಮ್ಸ್. 1940ರ ಮೇ ತಿಂಗಳಲ್ಲಿ ತಂಡ ಹಾಲೆಂಡ್ ಪ್ರವಾಸದಲ್ಲಿದ್ದಾಗ ಜರ್ಮನ್ ಸೈನ್ಯ ನುಗ್ಗಿತು. ನರ್ತಕರು ಹೇಗೋ ಹಡಗು ಹತ್ತಿ ತಪ್ಪಿಸಿಕೊಂಡು ಬಂದರು. ಪರದೆ, ಉಡುಪು, ಸಂಗೀತದ ಹಾಳೆಗಳನ್ನೆಲ್ಲ ಅಲ್ಲೇ ಬಿಟ್ಟು ಬಂದರು. ಆ ಬ್ಯಾಲೆ ಮತ್ತೆ ಎದ್ದೇಳಲಿಲ್ಲ. ಸಂಗೀತದ ಕೆಲವು ತುಣುಕು ಈಗಲೂ ಕೇಳಲು ಸಿಗುತ್ತದೆ. ಹೆಜ್ಜೆ ಮಾತ್ರ ಹೋದದ್ದು ಹೋಯಿತು. ಆ ತುಣುಕುಗಳನ್ನು ಕೇಳುವಾಗೆಲ್ಲ ನನಗೆ ಸಂಕಟವಾಗುತ್ತದೆ. ಸಂಗೀತ ಒಂದು ಕಡೆ ಏರುತ್ತದೆ. ಅಲ್ಲಿ ಫಾಂಟೇನ್ ತೋಳು ಏನು ಮಾಡುತ್ತಿತ್ತು ಎಂದು ಹೇಳುವವರು ಯಾರೂ ಇಲ್ಲ.

1950ರ ದಶಕದಲ್ಲಿ ಜೋನ್ ಮತ್ತು ರುಡಾಲ್ಫ್ ಬೆನೆಷ್ ದಂಪತಿ ನೃತ್ಯವನ್ನು ಬರೆದಿಡುವ ಲಿಪಿಯೊಂದನ್ನು ರೂಪಿಸಿದರು. ಸಂಗೀತಕ್ಕಿರುವಂತೆ ಐದು ಗೆರೆ. ತಲೆ, ಭುಜ, ಸೊಂಟ, ಮೊಣಕಾಲು, ನೆಲ. ಅದು ಬಂದ ಮೇಲೆ ಬ್ಯಾಲೆಗಳು ಹಾಳೆಯ ಮೇಲೂ ಉಳಿಯುವಂತಾಯಿತು. ಆದರೆ ಆಶ್ಟನ್ ಜೊತೆ ಕೆಲಸ ಮಾಡಿದವರೆಲ್ಲ ನೆನೆಸಿಕೊಳ್ಳುವುದು ಅವರು ಅಭ್ಯಾಸದ ಕೋಣೆಯಲ್ಲಿ ಹೇಳುತ್ತಿದ್ದ ಒಂದೇ ಮಾತನ್ನು: ಬಾಗಿ, ಇನ್ನೂ ಬಾಗಿ. ಪಾದ ಚುರುಕಾಗಿ ಸಣ್ಣಸಣ್ಣ ಹೆಜ್ಜೆ ಇಡುತ್ತಿರುವಾಗ ಸೊಂಟದಿಂದ ಮೇಲಿನ ಮೈ ತೆನೆ ಬಾಗಿದಂತೆ ಬಾಗಬೇಕು, ಭುಜ ಓರೆಯಾಗಬೇಕು, ಕತ್ತು ಅದಕ್ಕೆ ಎದುರಾಗಿ ತಿರುಗಬೇಕು. ಎಷ್ಟು ಬಾಗಿದರೆ ಸಾಕು ಎನ್ನುವುದನ್ನು ಗೆರೆಯಲ್ಲಿ ಬರೆಯಬಹುದೇನೋ. ಇನ್ನೂ ಎಂದು ಒತ್ತಾಯಿಸುವ ಆ ಹಟವನ್ನು ಕಲಿಸಬೇಕಾದರೆ ಅದನ್ನು ಅನುಭವಿಸಿದ ಒಂದು ಬೆನ್ನೇ ಬೇಕು.

ಯಾಕ್ಸ್‌ಲಿಗೆ ನಡೆದೇ ಹೋದೆ. ನೆರಳಿಲ್ಲದ ದಾರಿ, ತಲೆಯ ಮೇಲೆ ಬಾನಾಡಿಗಳ ನಿಲ್ಲದ ಹಾಡು, ಅದರ ಹಿಂದೆ ಹೆದ್ದಾರಿಯ ಮೊರೆತ. ದಾರಿಯುದ್ದಕ್ಕೂ ನಾನು ಆ ಒಂದು ಹೆಜ್ಜೆಯನ್ನು ಮನಸ್ಸಿನಲ್ಲಿ ಆಡಿಸುತ್ತಿದ್ದೆ.

ಅದನ್ನು ‘ಫ್ರೆಡ್ ಸ್ಟೆಪ್’ ಎನ್ನುತ್ತಾರೆ. ಫ್ರೆಡ್ ಎಂದರೆ ಫ್ರೆಡರಿಕ್. ತಮ್ಮ ಹೆಚ್ಚುಕಡಿಮೆ ಎಲ್ಲ ಬ್ಯಾಲೆಗಳಲ್ಲೂ ಆಶ್ಟನ್ ಎಲ್ಲಾದರೊಂದು ಕಡೆ ಈ ಪುಟ್ಟ ಹೆಣಿಗೆಯನ್ನು ಸೇರಿಸಿಬಿಡುತ್ತಿದ್ದರು. ಮೊದಲು ಒಂದು ಕಾಲ ಮೇಲೆ ಏರಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದು. ಹಿಂದಿನ ಕಾಲನ್ನು ತಂದು ನಿಂತ ಕಾಲಿನ ಜಾಗದಲ್ಲಿಡುವುದು. ಬಿಡುವಾದ ಕಾಲನ್ನು ಪಕ್ಕಕ್ಕೆ ಮೆಲ್ಲಗೆ ಬಿಚ್ಚುವುದು. ಆಮೇಲೆ ಮೂರು ಪುಟಾಣಿ ಹೆಜ್ಜೆ. ಕೊನೆಗೆ ಬೆಕ್ಕು ನೆಗೆದಂತೆ ಒಂದು ನೆಗೆತ. ಒಂದು ಉಸಿರಿನಲ್ಲಿ ಮುಗಿದುಹೋಗುತ್ತದೆ. ಒಮ್ಮೆ ಮುಖ್ಯ ನರ್ತಕಿ ಮಾಡುತ್ತಾಳೆ, ಒಮ್ಮೆ ಹಿಂದಿನ ಸಾಲಿನವರ್ಯಾರೋ. ಒಮ್ಮೆ ನಿಧಾನ, ಒಮ್ಮೆ ಓಟ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನಾನು ಬಹಳ ಸಲ ತಪ್ಪಿಸಿಕೊಂಡಿದ್ದೇನೆ. ಕಂಡ ದಿನ ಮನೆ ತಲುಪುವವರೆಗೂ ಖುಷಿ.

ಇಂಗ್ಲಿಷಿನವರು ಇದನ್ನು ಅವರ ಸಹಿ ಎನ್ನುತ್ತಾರೆ. ನನಗೆ ಆ ಪದ ಎಂದೂ ಹಿಡಿಸಲಿಲ್ಲ, ಏಕೆಂದರೆ ನನಗೆ ಅದಕ್ಕಿಂತ ಹತ್ತಿರದ ಪದವೊಂದು ಗೊತ್ತು. ನಮ್ಮ ವಚನಕಾರರಿಗೂ ದಾಸರಿಗೂ ಅಂಕಿತವಿದೆ. ಬಸವಣ್ಣ ಎಂದು ಬಸವಣ್ಣನವರು ಬರೆಯುವುದಿಲ್ಲ, ಕೂಡಲಸಂಗಮದೇವ ಎನ್ನುತ್ತಾರೆ. ಅಕ್ಕನ ವಚನದ ಕೊನೆಯಲ್ಲಿ ಇರುವುದು ಅಕ್ಕ ಅಲ್ಲ, ಚೆನ್ನಮಲ್ಲಿಕಾರ್ಜುನ. ಇದನ್ನು ಹೇಳಿದ್ದು ನಾನು ಎನ್ನುವ ಜಾಗದಲ್ಲಿ ತಾನು ನೆಚ್ಚಿದ ದೈವದ ಹೆಸರನ್ನಿಟ್ಟು ಪಕ್ಕಕ್ಕೆ ಸರಿಯುವ ಕ್ರಮ ಅದು. ಫ್ರೆಡ್ ಹೆಜ್ಜೆಯೂ ಹಾಗೆಯೇ. ಅದು ಫ್ರೆಡ್ ಅವರದಲ್ಲವೇ ಅಲ್ಲ. ರಷ್ಯದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ‘ಗವೋಟ್’ ಎಂಬ ನೃತ್ಯದಲ್ಲಿ ಆಡುತ್ತಿದ್ದ ಹೆಜ್ಜೆ ಅದು.

1917ರಲ್ಲಿ ಪಾವ್ಲೋವಾ ಲೀಮಾಕ್ಕೆ ಬಂದಿದ್ದಳು. ನೋಡಲು ಹೋದ ಹುಡುಗನಿಗೆ ಆಗ ಹನ್ನೆರಡೋ ಹದಿಮೂರೋ. ಆ ಸಂಜೆ ಆಕೆ ತನ್ನೊಳಗೆ ವಿಷ ಚುಚ್ಚಿದಳು, ಅಂದಿನಿಂದ ಕುಣಿಯುವುದೊಂದೇ ಬೇಕಾಯಿತು ಎಂದು ಆಶ್ಟನ್ ಮುಪ್ಪಿನವರೆಗೂ ಹೇಳುತ್ತಿದ್ದರು. ಅದೇ ಪಾವ್ಲೋವಾ ನಮ್ಮ ದೇಶಕ್ಕೂ ಬಂದಿದ್ದಳು. 1923ರಲ್ಲಿ ಲಂಡನ್ನಿನಲ್ಲಿ ಉದಯ ಶಂಕರ್ ಆಕೆಗಾಗಿ ರಾಧಾಕೃಷ್ಣರ ನೃತ್ಯ ಕಟ್ಟಿದರು. ಆಮೇಲೆ ಆಕೆಯನ್ನು ಕಂಡು ಮರುಳಾಗಿ ಆಕೆಯ ತಂಡದ ಕ್ಲಿಯೋ ನಾರ್ಡಿಯ ಹತ್ತಿರ ಬ್ಯಾಲೆ ಕಲಿಯತೊಡಗಿದ ರುಕ್ಮಿಣಿದೇವಿ ಅರುಂಡೇಲ್ ಅವರಿಗೆ, ನಿನ್ನ ನೆಲದ ನೃತ್ಯವನ್ನು ಹುಡುಕು ಎಂದು ಹೇಳಿದವಳೂ ಪಾವ್ಲೋವಾಳೇ. 1936ರಲ್ಲಿ ರುಕ್ಮಿಣಿದೇವಿಯವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನ ರಂಗಗಳನ್ನು ಗೆದ್ದ ರಾಮ್ ಗೋಪಾಲ್, ಇಂಗ್ಲೆಂಡಿನ ಮೊದಲ ದೊಡ್ಡ ಬ್ಯಾಲೆ ತಾರೆಯಾದ ಅಲಿಸಿಯಾ ಮಾರ್ಕೋವಾ ಜೊತೆ 1960ರಲ್ಲಿ ರಾಧಾಕೃಷ್ಣ ಕುಣಿದರು. ಲೀಸ್ ಮತ್ತು ಕೋಲಾ ರಿಬ್ಬನ್ ಹಿಡಿದು ಕುಣಿದದ್ದೂ ಅದೇ ವರ್ಷ. ಮೈಸೂರಿನವಳಿಗೆ ಬ್ಯಾಲೆ ಯಾಕೆ ಎಂದು ಕೇಳುವವರಿಗೆ ನಾನು ಈ ದಾರಿಗಳನ್ನು ತೋರಿಸುತ್ತೇನೆ. ಅವು ನಾನು ಹುಟ್ಟುವ ಮೊದಲೇ ತುಳಿದು ಸವೆದಿದ್ದ ದಾರಿಗಳು.

ಯಾಕ್ಸ್‌ಲಿಯ ಸೇಂಟ್ ಮೇರಿ ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಹೆಂಗಸೊಬ್ಬರು ಹೂ ಜೋಡಿಸುತ್ತಿದ್ದರು. “ಚಕ್ರ ನೋಡಲು ಬಂದಿರಾ?” ಎಂದು ಕೇಳಿದರು. ಇಲ್ಲಿಗೆ ಹೆಚ್ಚಿನವರು ಬರುವುದು ಅದಕ್ಕೇ. ಇಂಗ್ಲೆಂಡಿನಲ್ಲಿ ಉಳಿದಿರುವುದು ಇಂಥ ಎರಡೇ ಚಕ್ರ. ಮಾತೆ ಮೇರಿಯ ಹೆಸರಿನ ಹಬ್ಬಗಳಲ್ಲಿ ಯಾವುದರಿಂದ ಉಪವಾಸ ಹಿಡಿಯಬೇಕು ಎಂದು ತಿಳಿಯಲು ಭಕ್ತರು ಈ ಕಬ್ಬಿಣದ ಚಕ್ರಕ್ಕೆ ದಾರಗಳನ್ನು ಕಟ್ಟಿ ತಿರುಗಿಸುತ್ತಿದ್ದರಂತೆ. ಕೈಗೆ ಯಾವ ದಾರ ಸಿಕ್ಕಿತೋ ಆ ದಿನ. ಈಗ ದಾರವಿಲ್ಲ, ಚಕ್ರವಿದೆ. ದಾರ ಕಟ್ಟಿದ ಚಕ್ರ ಸುತ್ತುವುದನ್ನು ಊಹಿಸಿಕೊಂಡು ಒಂದಿಷ್ಟು ಹೊತ್ತು ನಿಂತೆ. ಕಣ್ಣ ಮುಂದೆ ಬಂದದ್ದು ಸುಗ್ಗಿಯ ಕಂಬದ ರಿಬ್ಬನ್ನುಗಳು.

ನೃತ್ಯದವರ ಸಮಾಧಿಗೆ ಬಂದೆ ಎಂದಾಗ ಆಕೆ ಕೈಯಲ್ಲಿದ್ದ ಹೂ ಕೆಳಗಿಟ್ಟು ಹೊರಗೆ ಬಂದು ದಾರಿ ತೋರಿಸಿದರು. “ಆಗಾಗ ಯಾರಾದರೂ ಬರುತ್ತಾರೆ,” ಎಂದರು. “ನೆಟ್ಟಗೆ ನಡೆಯುವವರು. ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ.”

ಸಮಾಧಿಯ ಮುಂದೆ ಹುಲ್ಲು ಕೊಯ್ದ ವಾಸನೆ. ನಾನು ಏನನ್ನೂ ತಂದಿರಲಿಲ್ಲ. ಬೆಳಿಗ್ಗೆ ರೈಲಿನಲ್ಲಿ ಕೇಳಿಕೊಂಡಿದ್ದ ಪ್ರಶ್ನೆ ಹಾಗೇ ಉಳಿದಿತ್ತು, ಇಲ್ಲಿ ಓದುವುದೇನನ್ನು?

ಆಗ ನೆನಪಾದದ್ದು ಅವರ ಉಯಿಲು. ಹೊಲಗದ್ದೆ ಪಾಲು ಮಾಡುವ ಹಾಗೆ ಆಶ್ಟನ್ ತಮ್ಮ ಬ್ಯಾಲೆಗಳನ್ನು ಪಾಲು ಮಾಡಿದರು. ‘ಲಾ ಫೀಯ್ ಮಾಲ್ ಗಾರ್ದೇ’ಯನ್ನು ಅದರಲ್ಲಿ ಆಲೆನ್ ಆಗಿ ಕುಣಿದಿದ್ದ ಅಲೆಕ್ಸಾಂಡರ್ ಗ್ರಾಂಟ್‌ಗೆ ಕೊಟ್ಟರು. ‘ಆಂಡಿನ್’ ಮಾರ್ಗೊ ಫಾಂಟೇನ್‌ಗೆ; 1958ರಲ್ಲಿ ಅದನ್ನು ಕಟ್ಟಿದ್ದೇ ಅವಳಿಗಾಗಿ. ‘ಸಿಂಫೊನಿಕ್ ವೇರಿಯೇಷನ್ಸ್’ ಮೈಕೆಲ್ ಸೋಮ್ಸ್‌ಗೆ. ‘ದಿ ಡ್ರೀಮ್’ ಮತ್ತು ‘ಎ ಮಂತ್ ಇನ್ ದಿ ಕಂಟ್ರಿ’ ಆಂಟನಿ ಡೊವೆಲ್‌ಗೆ. ಯಾವ ಮೈಯಲ್ಲಿ ಹುಟ್ಟಿತೋ ಆ ಮೈಗೇ ಮರಳಿಸಿದ್ದು. ಹಕ್ಕಿನ ವ್ಯವಹಾರದ ದೃಷ್ಟಿಯಿಂದ ಇದು ತೊಡಕಿನ ಏರ್ಪಾಡು. ಪಡೆದವರೂ ಒಬ್ಬೊಬ್ಬರಾಗಿ ತೀರಿಕೊಂಡಾಗ ಅವು ಮತ್ತೆ ಕೈ ಬದಲಾಗಬೇಕಾಯಿತು. 2011ರಲ್ಲಿ ಆಶ್ಟನ್ ಹೆಸರಿನ ಪ್ರತಿಷ್ಠಾನ ಶುರುವಾದದ್ದು ಈ ಪರಂಪರೆಯನ್ನು ಕಾಯಲೆಂದೇ. ಆದರೂ ನನಗೆ ಆ ಉಯಿಲು ತೀರ ಸರಿಯಾದದ್ದು ಎನಿಸುತ್ತದೆ. ‘ಹೊರೊಸ್ಕೋಪ್’ ಕಳೆದುಕೊಂಡ ಮನುಷ್ಯ ಪೆಟ್ಟಿಗೆಯನ್ನು ನಂಬಲಿಲ್ಲ, ಹಾಳೆಯನ್ನು ನಂಬಲಿಲ್ಲ. ಬೆನ್ನು ಬಾಗಿಸಿದವರನ್ನು ನಂಬಿದರು.

ಟೀಚರ್ ಹೋಗಿ ಆರು ವರ್ಷವಾಯಿತು. ಅವರು ಕಲಿಸಿದ ಜಾವಳಿ ನನಗೆ ಪೂರ್ತಿ ನೆನಪಿಲ್ಲ. ಚರಣದ ಹೆಜ್ಜೆಗಳು ಮರೆತುಹೋಗಿವೆ. ರೆಪ್ಪೆ ಇಳಿಸುವ ಜಾಗ ಮಾತ್ರ ಮರೆತಿಲ್ಲ. ಸಮಾಧಿಯ ಮುಂದೆ ನಿಂತಲ್ಲೇ ಒಮ್ಮೆ ಇಳಿಸಿ ನೋಡಿದೆ. ಇತ್ತು.

ಮೂರನೇ ಮನೆಯ ಅಂಗಳದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ಶುರು ಮಾಡಿದರು. ಹೂ ಜೋಡಿಸುತ್ತಿದ್ದ ಹೆಂಗಸು ಬಾಗಿಲಿಂದ ಕೈ ಬೀಸಿದರು. ಮತ್ತೆ ಐ ಊರಿನ ತನಕ ನಡೆದು, ಬಸ್ಸು ಹಿಡಿದು, ಡಿಸ್ ತಲುಪುವಾಗ ಬಾರ್ಲಿಯ ಮೇಲೆ ಸಂಜೆ ಬಿಸಿಲು ಓರೆಯಾಗಿ ಬಿದ್ದಿತ್ತು.

ರೈಲಿನಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದೂವರೆ, ಇನ್ನೂ ಎಚ್ಚರವಿದ್ದಳು.

“ನೋಡಿದ್ಯಾ?”

“ನೋಡಿದೆ ಅಮ್ಮ.”

“ಅಲ್ಲೇನಿತ್ತು?”

“ಒಂದು ಕಲ್ಲು, ಹುಲ್ಲು. ಸುತ್ತ ಹೊಲ.”

“ಅಷ್ಟು ದೂರ ಹೋದೋಳು ಒಂದು ನಮಸ್ಕಾರ ಮಾಡಿ ಬಂದ್ಯಾ ಇಲ್ವಾ?”

“ಮಾಡಿದೆ,” ಎಂದೆ. ರೆಪ್ಪೆ ಇಳಿಸಿದ್ದನ್ನು ಅಮ್ಮನಿಗೆ ಹೇಳಿದರೆ ಅದೂ ನಮಸ್ಕಾರವೇ ಎಂದು ಒಪ್ಪುತ್ತಿದ್ದಳು.

ಫೋನ್ ಇಟ್ಟ ಮೇಲೆ ಕಾಲು ತಾನಾಗಿ ಲೆಕ್ಕ ಹಾಕತೊಡಗಿತು. ಸೀಟಿನ ಕೆಳಗೆ, ಯಾರಿಗೂ ಕಾಣದಂತೆ: ಚಾಚಿದ್ದು, ಜಾಗ ಬದಲಿಸಿದ್ದು, ಪಕ್ಕಕ್ಕೆ ಬಿಚ್ಚಿದ್ದು, ಮೂರು ಪುಟಾಣಿ ಹೆಜ್ಜೆ. ಕೊನೆಯ ಬೆಕ್ಕಿನ ನೆಗೆತಕ್ಕೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಲಿವರ್‌ಪೂಲ್ ಸ್ಟ್ರೀಟಿನ ಪ್ಲಾಟ್‌ಫಾರ್ಮಿಗೆ ಇಳಿಯುವವರೆಗೂ ಕಾಲಲ್ಲೇ ಇಟ್ಟುಕೊಂಡು ಕೂತಿದ್ದೆ.